ಮರಳು ಹರಡಿದರೆ ಈಜುಕೊಳಕ್ಕೆ ನೆಲ ಮಟ್ಟವಾಯಿತೇ? ಎರೆಮಣ್ಣಿನಲ್ಲಿ ಎಚ್ಚರ
ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಮಾನ್ವಿ, ದೇವದುರ್ಗದಲ್ಲಿ ಮಕ್ಕಳಿಗೆಂದು ನೆಲದ ಮೇಲಿಡುವ ಈಜುಕೊಳ ತರುವ ಆಸೆ ಸಹಜ. ‘ತಗ್ಗಿದ್ದ ಕಡೆ ಮಣ್ಣು ತುಂಬಿ, ಮೇಲೆ ಮರಳು ಹರಡಿದರೆ ಸಾಕು’ ಎನ್ನುವ ಸಲಹೆ ಎಷ್ಟು ಸರಿ?

ಮೊದಲು ಭಾರ ನೋಡಿ. 10 ಅಡಿ ಅಗಲದ ದುಂಡು ಕೊಳದಲ್ಲಿ ಎರಡೂವರೆ ಅಡಿ ನೀರು ನಿಂತರೆ ಸುಮಾರು 5,500 ಲೀಟರ್, ಅಂದರೆ ಐದೂವರೆ ಟನ್. ನೆಲ ವಾಲಿದ್ದರೂ ನೀರಿನ ಮೇಲ್ಮೈ ಮಟ್ಟವಾಗಿಯೇ ನಿಲ್ಲುತ್ತದೆ. ಹಾಗಾಗಿ ತಗ್ಗಿನ ಬದಿಯಲ್ಲಿ ಆಳ ಹೆಚ್ಚಿ, ಗೋಡೆಯ ಮೇಲಿನ ಒತ್ತಡವೂ ಹೆಚ್ಚುತ್ತದೆ. ಹೊಸದಾಗಿ ತುಂಬಿದ ಸಡಿಲ ಮಣ್ಣು ಭಾರಕ್ಕೆ ಕುಸಿದರೆ ವಾಲಿಕೆ ಇನ್ನೂ ಬೆಳೆಯುತ್ತದೆ. ಗೋಡೆ ಒಡೆದರೆ ಅಷ್ಟೂ ನೀರು ಒಮ್ಮೆಲೇ ನುಗ್ಗಿ ಮಕ್ಕಳನ್ನು ಎಳೆದೊಯ್ಯಬಹುದು.

ಈ ಭಾಗದ ಎರೆಮಣ್ಣಿನದು ಬೇರೆಯೇ ತಕರಾರು. ಅದರಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಚೆಲ್ಲಿದ ನೀರು ಒಂದೇ ಬದಿಯಲ್ಲಿ ಇಂಗಿದರೂ ಮಟ್ಟ ಕೆಡುತ್ತದೆ. ಮರಳು ಇದನ್ನು ತಡೆಯದು.

ಸರಿಯಾದ ದಾರಿ ಏನು? ತಗ್ಗು ತುಂಬುವ ಬದಲು ಎತ್ತರದ ಬದಿ ಕೆತ್ತಿ. ಎರೆಮಣ್ಣಿದ್ದರೆ ಮೇಲ್ಪದರ ತೆಗೆದು ಗರಸು ಹಾಕಿ, ಪದರ ಪದರವಾಗಿ ದಮ್ಮಸ್ಸು ಮಾಡಿ. ಸುತ್ತ ನೀರು ಹರಿದುಹೋಗಲು ಕಾಲುವೆ ಇರಲಿ. ಗೌಂಡಿಗಳು ಬಳಸುವ ಲೆವೆಲ್ ಪೈಪಿನಿಂದ ಎಲ್ಲ ಕಡೆ ಅಳೆಯಿರಿ. ಅರ್ಧ ಅಡಿ ನೀರು ತುಂಬಿ ಮತ್ತೆ ನೋಡಿ; ವಾಲಿದ್ದರೆ ಖಾಲಿ ಮಾಡಿ ಸರಿಪಡಿಸಿ.

ಒಟ್ಟಿನಲ್ಲಿ, ಆ ಸಲಹೆ ಅರ್ಧ ಸತ್ಯ. ಮರಳು ತಳದ ಹಾಳೆಗೆ ಕಲ್ಲು ಚುಚ್ಚದಂತೆ ಕಾಯುತ್ತದೆ, ನೆಲವನ್ನು ಗಟ್ಟಿ ಮಾಡುವುದಿಲ್ಲ. ನೆಲ ಎಷ್ಟೇ ಮಟ್ಟವಾಗಿರಲಿ, ನೀರಿನಲ್ಲಿ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ.