ಅಭಿಜಾತ ಚಿತ್ರಗಳ ಸಂಗ್ರಹ: ಅಭಿರುಚಿಯ ಪಟ್ಟಿ ಮತ್ತು ಪ್ರತಿಯ ಪ್ರಶ್ನೆ

ಕನ್ನಡದ ಶ್ರೇಷ್ಠ ಚಲನಚಿತ್ರಗಳು ಯಾವುವು ಎಂಬ ಚರ್ಚೆ ಬಹುಕಾಲ ಪತ್ರಿಕೆಗಳ ಸಿನಿಮಾ ಪುಟಗಳಲ್ಲಿ ಹಾಗೂ ಚಿತ್ರಸಮಾಜಗಳ ಸಭೆಗಳಲ್ಲಿ ನಡೆಯುತ್ತ ಬಂದಿತು. ವಿ.ಸಿ.ಡಿ. ಮತ್ತು ಡಿ.ವಿ.ಡಿ.ಗಳು ಮನೆಗಳನ್ನು ಪ್ರವೇಶಿಸಿದ ಮೇಲೆ ಆ ಚರ್ಚೆಯ ಸ್ವರೂಪ ಬದಲಾಯಿತು. ‘ನೋಡಬೇಕಾದ ಚಿತ್ರ’ ಎಂಬ ಮಾತಿನ ಪಕ್ಕದಲ್ಲಿ ‘ಇಟ್ಟುಕೊಳ್ಳಬೇಕಾದ ಚಿತ್ರ’ ಎಂಬ ಮಾತು ಬಂದು ನಿಂತಿತು. ಇವೆರಡೂ ಒಂದೇ ಅಲ್ಲ. ನೋಡುವುದು ಒಂದು ಸಂಜೆಗೆ ಮುಗಿಯುತ್ತದೆ. ಇಟ್ಟುಕೊಳ್ಳುವುದಕ್ಕೆ ಹಣ ಬೇಕು, ಕಪಾಟಿನಲ್ಲಿ ಜಾಗ ಬೇಕು, ಮುಂದೊಂದು ದಿನ ಇನ್ನೊಬ್ಬರು ಇದನ್ನು ನೋಡಿಯಾರು ಎಂಬ ನಿರೀಕ್ಷೆಯೂ ಬೇಕು. ಆದ್ದರಿಂದ ಚಿತ್ರಾಸಕ್ತರು ಪರಸ್ಪರ ಶಿಫಾರಸು ಮಾಡಿಕೊಳ್ಳುವ, ಅದಕ್ಕಾಗಿ ಜಗಳವನ್ನೂ ಆಡುವ ಪಟ್ಟಿಗಳು ಸಣ್ಣ ಪ್ರಮಾಣದಲ್ಲಿ ಚರಿತ್ರೆಯನ್ನು ಕಟ್ಟುವ ಕೆಲಸವೇ ಆಗಿವೆ. ಸಾಹಿತ್ಯ ಚರಿತ್ರೆಯಲ್ಲಿ ಯಾವ ಕವಿಗೆ ಎಷ್ಟು ಪುಟ ಸಂದಿದೆ ಎಂಬುದನ್ನು ಸೂಕ್ಷ್ಮವಾಗಿ ಗಮನಿಸುವ ಕನ್ನಡ ವಿಭಾಗಗಳು ಈ ಪಟ್ಟಿಗಳತ್ತ ಅಷ್ಟಾಗಿ ಕಣ್ಣು ಹಾಯಿಸಿಲ್ಲ.

ಈ ಚಟುವಟಿಕೆಯನ್ನು ಬೆಂಗಳೂರಿನ ಹೊರವಲಯದ ಉದ್ಯಮ ಪ್ರದೇಶಗಳ ಹಿನ್ನೆಲೆಯಲ್ಲಿ ನೋಡುವುದು ಉಪಯುಕ್ತ. ಬೆಂಗಳೂರಿನ ಸಿನಿಮಾ ಭೂಗೋಳದ ಕೇಂದ್ರ ಗಾಂಧಿನಗರ ಮತ್ತು ಕೆಂಪೇಗೌಡ ರಸ್ತೆ. ಪೀಣ್ಯದ ಸಣ್ಣ ಕಾರ್ಖಾನೆಗಳು, 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿ, 1990ರ ದಶಕದಲ್ಲಿ ಟೆಕ್ ಪಾರ್ಕ್ ಎದ್ದುನಿಂತ ವೈಟ್‌ಫೀಲ್ಡ್ ಈ ಮೂರೂ ಆ ಕೇಂದ್ರದಿಂದ ದೂರವುಳಿದವು. ತುಮಕೂರು, ಹಾಸನ, ದಾವಣಗೆರೆ, ಕಲಬುರಗಿ ಕಡೆಗಳಿಂದ ಬಂದು ಬಾಡಿಗೆ ಕೋಣೆಗಳಲ್ಲಿ ನೆಲೆಸಿದವರಿಗೆ ಮೆಜೆಸ್ಟಿಕ್ಕಿನ ಚಿತ್ರಮಂದಿರವೆಂದರೆ ವಾರದ ರಜೆಯ ಅರ್ಧ ದಿನ. (2023ರಲ್ಲಿ ಮೆಟ್ರೊ ವೈಟ್‌ಫೀಲ್ಡನ್ನು ಮುಟ್ಟಿದಾಗ ಇತ್ತ ಕಪಾಲಿ ಚಿತ್ರಮಂದಿರವೇ ಇರಲಿಲ್ಲ.) ಈ ಅಂತರವನ್ನು ತುಂಬಿದ್ದು ಡಿಸ್ಕು. ಮೋಸರ್ ಬೇಯರ್ ಕಂಪನಿ 2007ರ ಸುಮಾರಿಗೆ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರತೊಡಗಿದಾಗ ಚಿತ್ರಸಂಗ್ರಹವು ಉಳ್ಳವರ ಹವ್ಯಾಸವಾಗಿ ಉಳಿಯಲಿಲ್ಲ. ಲೇತ್ ಯಂತ್ರದ ಮುಂದೆ ನಿಲ್ಲುವವನೂ ಗಣಕಯಂತ್ರದ ಮುಂದೆ ಕೂರುವವನೂ ಒಂದೇ ಬೆಲೆ ಕೊಟ್ಟು ಒಂದೇ ಚಿತ್ರವನ್ನು ಒಯ್ಯಬಹುದಾಯಿತು.

ಒಯ್ದದ್ದು ಒಂದೇ ಚಿತ್ರಗಳನ್ನೇ? ಸ್ಥೂಲವಾಗಿ ಎರಡು ಪಟ್ಟಿಗಳು ಕಾಣುತ್ತವೆ. ಒಂದು ‘ಸಂಸ್ಕಾರ’ (1970), ‘ವಂಶವೃಕ್ಷ’ (1971), ‘ಕಾಡು’ (1973), ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977) ಎಂದು ಸಾಗುತ್ತದೆ. ಪ್ರಶಸ್ತಿ ಮತ್ತು ಸಾಹಿತ್ಯಕೃತಿಯ ಪ್ರತಿಷ್ಠೆ ಇದರ ಬೆನ್ನಿಗಿದೆ. ಇನ್ನೊಂದು ‘ಬೇಡರ ಕಣ್ಣಪ್ಪ’ (1954), ‘ಸತ್ಯ ಹರಿಶ್ಚಂದ್ರ’ (1965), ‘ಕಸ್ತೂರಿ ನಿವಾಸ’ (1971), ‘ಬಂಗಾರದ ಮನುಷ್ಯ’ (1972), ‘ಭೂತಯ್ಯನ ಮಗ ಅಯ್ಯು’ (1974) ಎಂದು ಸಾಗುತ್ತದೆ. ಮೊದಲನೆಯದು ತಂತ್ರಜ್ಞರ ಪಟ್ಟಿ, ಎರಡನೆಯದು ಕಾರ್ಮಿಕರ ಪಟ್ಟಿ ಎಂದು ಹೇಳಿಬಿಡುವುದು ಸುಲಭ. ಆದರೆ ಅದು ನಿಲ್ಲುವ ಮಾತಲ್ಲ. ಬಿ.ಇ.ಎಲ್., ಎಚ್.ಎಂ.ಟಿ., ಐ.ಟಿ.ಐ.ಗಳಂಥ ಸಾರ್ವಜನಿಕ ಉದ್ದಿಮೆಗಳ ಕನ್ನಡ ಸಂಘಗಳು ಕಾರ್ಮಿಕರಲ್ಲಿ ಸಾಹಿತ್ಯಾಭಿರುಚಿಯನ್ನು ಬೆಳೆಸಿದ್ದನ್ನು ಮರೆಯುವಂತಿಲ್ಲ. ತಂತ್ರಜ್ಞರ ಕಪಾಟಿನಲ್ಲಿ ‘ಗಂಧದ ಗುಡಿ’ಯೂ ‘ಮಯೂರ’ವೂ ಇರುವುದು ಬಾಲ್ಯದ ನೆನಪಿನ ಬಲದಿಂದ. ಎನ್. ಲಕ್ಷ್ಮೀನಾರಾಯಣರ ‘ನಾಂದಿ’ (1964) ಯಾವ ಪಟ್ಟಿಗೆ ಸೇರಬೇಕು? ರಾಜ್‌ಕುಮಾರ್ ಅದರ ನಾಯಕ; ವಸ್ತು ಕಿವುಡು-ಮೂಗರ ಶಿಕ್ಷಣ; ನಿರೂಪಣೆ ನವ್ಯ ಚಿತ್ರಗಳಿಗಿಂತ ಆರೇಳು ವರ್ಷ ಮೊದಲೇ ಸಂಯಮದ್ದು. ಈ ಒಂದು ಚಿತ್ರವೇ ‘ಕಲಾತ್ಮಕ-ವ್ಯಾಪಾರಿ’ ಎಂಬ ವಿಭಜನೆ ಎಷ್ಟು ಸಡಿಲವಾದುದು ಎಂಬುದನ್ನು ತೋರಿಸುತ್ತದೆ.

ಪಟ್ಟಿಗಳಿಗಿಂತ ಅವುಗಳ ಸಮರ್ಥನೆಗೆ ಬರುವ ವಾದಗಳು ಹೆಚ್ಚು ಸ್ವಾರಸ್ಯಕರ. ‘ಬಂಗಾರದ ಮನುಷ್ಯ’ವನ್ನು ನೋಡಿ ಓದಿದ ಯುವಕರು ಹಳ್ಳಿಗೆ ಮರಳಿ ಬೇಸಾಯಕ್ಕೆ ತೊಡಗಿದರು ಎಂಬ ಮಾತು ಕನ್ನಡದಲ್ಲಿ ಬಹಳ ಪ್ರಚಲಿತ. ಅದರ ಸತ್ಯಾಸತ್ಯತೆ ಹೇಗೇ ಇರಲಿ, ಪೀಣ್ಯದಲ್ಲಿ ಆ ಚಿತ್ರವನ್ನು ಇಟ್ಟುಕೊಂಡಿರುವವನು ಅದಕ್ಕೆ ತದ್ವಿರುದ್ಧವಾದ ದಾರಿ ಹಿಡಿದವನು. ಅವನಿಗೆ ರಾಜೀವನ ಹಳ್ಳಿ ಅನುಸರಿಸಬೇಕಾದ ಆದರ್ಶವಲ್ಲ, ಬಿಟ್ಟುಬಂದ ನೆಲದ ಲೆಕ್ಕ. ‘ಕಸ್ತೂರಿ ನಿವಾಸ’ದ ವಿಷಯ ಇನ್ನೂ ವಿಶೇಷವಾದುದು. ಅದರ ನಾಯಕ ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ. ಅವನಲ್ಲಿ ಕೆಲಸಕ್ಕಿದ್ದವನೇ ಮುಂದೆ ಪ್ರತಿಸ್ಪರ್ಧಿಯಾಗಿ ಬೆಳೆಯುತ್ತಾನೆ. ಒಡೆಯ ಕೊಡುತ್ತ ಕೊಡುತ್ತ ಬರಿಗೈಯಾಗುತ್ತಾನೆ. ವಿಮರ್ಶೆ ಇದನ್ನು ದಾನದ ಮೌಲ್ಯದ ಕತೆಯಾಗಿ, ಕರ್ಣನ ಪ್ರತಿರೂಪವಾಗಿ ಓದಿದೆ. ಆದರೆ ಸಣ್ಣ ಕೈಗಾರಿಕೆಗಳ ನಡುವೆ ಬದುಕುವ ಪ್ರೇಕ್ಷಕ ಇದನ್ನು ಕೈಗಾರಿಕೆಯ ಕತೆಯಾಗಿಯೂ ನೋಡಬಲ್ಲ: ಹಳೆಯ ಯಜಮಾನಿಕೆಯ ನೀತಿ ಪೈಪೋಟಿಯ ಮಾರುಕಟ್ಟೆಯೆದುರು ಹೇಗೆ ಸೋಲುತ್ತದೆ, ಆ ಸೋಲನ್ನು ಚಿತ್ರ ಹೇಗೆ ಗೆಲುವೆಂದು ಭಾವಿಸುವಂತೆ ಮಾಡುತ್ತದೆ ಎಂದು. ಇಂಥ ಓದು ವಿಭಾಗಗಳ ಸಂಶೋಧನೆಯಲ್ಲಿ ವಿರಳ. ಅಲ್ಲಿ ಇಂದಿಗೂ ಪ್ರಚಾರದಲ್ಲಿರುವುದು ‘ಕಾದಂಬರಿ ಆಧಾರಿತ ಚಿತ್ರಗಳು’ ಎಂಬ ಮಾದರಿ. ಕಾದಂಬರಿಯಲ್ಲಿ ಇದ್ದದ್ದು ಚಿತ್ರದಲ್ಲಿ ಬಂದಿದೆಯೇ ಇಲ್ಲವೇ ಎಂದು ಎಣಿಸಿ ಹೇಳುವ ಮಾದರಿ.

ಆದರೂ ಸಂಗ್ರಾಹಕರ ಚರ್ಚೆಗೆ ಒಂದು ಮುಖ್ಯ ಕೊರತೆಯಿದೆ. ಅದು ಯಾವ ಚಿತ್ರ ಎಂಬಲ್ಲಿಗೆ ನಿಲ್ಲುತ್ತದೆ. ಯಾವ ಪ್ರತಿ ಎಂಬಲ್ಲಿಗೆ ಹೋಗುವುದು ಅಪರೂಪ. ಹೋದಾಗಲೂ ಬಣ್ಣದ ಪ್ರಶ್ನೆಯಷ್ಟೇ ಏಳುತ್ತದೆ. ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ದೊರೈ-ಭಗವಾನ್ ಅವರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಬಳಿದುಕೊಂಡು ಮತ್ತೆ ತೆರೆಗೆ ಬಂದವು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) 2018ರಲ್ಲಿ ಡಿಜಿಟಲ್ ರೂಪದಲ್ಲಿ, ಹೊಸದಾಗಿ ಸಜ್ಜುಗೊಳಿಸಿದ ಧ್ವನಿಯೊಂದಿಗೆ ಬಿಡುಗಡೆಯಾಯಿತು. ಸಂಗ್ರಹಕ್ಕೆ ಯೋಗ್ಯವಾದುದು ಹಳೆಯದೋ ಹೊಸದೋ?

ಗ್ರಂಥಸಂಪಾದನಾ ಶಾಸ್ತ್ರವನ್ನು ಪಠ್ಯವಾಗಿ ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಲಿಪಿಕಾರನು ತನ್ನ ಕಾಲಕ್ಕೆ ತಕ್ಕಂತೆ ತಿದ್ದಿದ ಓಲೆಯ ಪ್ರತಿಯನ್ನು ಸಂಪಾದಕ ಎಸೆಯುವುದಿಲ್ಲ. ಹಾಗೆಂದು ಅದನ್ನೇ ಮೂಲವೆಂದು ಮುದ್ರಿಸುವುದೂ ಇಲ್ಲ. ಬಣ್ಣದ ‘ಸತ್ಯ ಹರಿಶ್ಚಂದ್ರ’ 2008ರ ದಾಖಲೆ, 1965ರದಲ್ಲ. ಕಪ್ಪು-ಬಿಳುಪು ಚಿತ್ರದಲ್ಲಿ ಛಾಯಾಗ್ರಾಹಕನ ಬೆಳಕು, ಉಡುಪಿನ ಆಯ್ಕೆ, ಸ್ಮಶಾನದ ದೃಶ್ಯಗಳ ನೆರಳು ಎಲ್ಲವೂ ಬೂದುಬಣ್ಣದ ಶ್ರೇಣಿಯನ್ನು ಲೆಕ್ಕದಲ್ಲಿಟ್ಟೇ ರೂಪುಗೊಂಡಿರುತ್ತವೆ. ಬಣ್ಣದ ಪ್ರತಿ ಹೊಸ ತಲೆಮಾರನ್ನು ಚಿತ್ರಮಂದಿರಕ್ಕೆ ಕರೆತಂದಿತು ಎಂಬ ವಾದ ನಿಜವೇ. ಅದು ಪ್ರಸಾರದ ಸಮರ್ಥನೆಯಾಗಬಲ್ಲದೇ ಹೊರತು ಪಾಠದ ಸಮರ್ಥನೆಯಾಗಲಾರದು. ಎರಡನ್ನೂ ಇಟ್ಟುಕೊಳ್ಳಬೇಕು, ಆಧಾರ ಪ್ರತಿಯಾಗಿ ಕಪ್ಪು-ಬಿಳುಪನ್ನೇ ಹಿಡಿಯಬೇಕು.

ಬಣ್ಣಕ್ಕಿಂತ ಗಂಭೀರವಾದುದು, ಕಣ್ಣಿಗೆ ಸುಲಭವಾಗಿ ಬೀಳದುದು ಕತ್ತರಿ. ಒಂದು ವಿ.ಸಿ.ಡಿ.ಯಲ್ಲಿ ಹಿಡಿಯುವುದು 74ರಿಂದ 80 ನಿಮಿಷ. ಎರಡೂಮುಕ್ಕಾಲು ಗಂಟೆಯ ಚಿತ್ರವನ್ನು ಎರಡು ಡಿಸ್ಕಿಗೆ ಇಳಿಸಬೇಕಾದರೆ ಏನನ್ನಾದರೂ ಬಿಡಲೇಬೇಕು. ಬಿಟ್ಟದ್ದು ಹಾಡಿನ ಒಂದು ಚರಣವೋ, ಹಾಸ್ಯದ ಉಪಕಥೆಯೋ, ಶೀರ್ಷಿಕೆಯ ಪಟ್ಟಿಯೋ ಎಂಬುದನ್ನು ಡಿಸ್ಕಿನ ಹೊದಿಕೆ ಹೇಳುವುದಿಲ್ಲ. ಇದನ್ನು ಪತ್ತೆಹಚ್ಚುವ ಸರಳ ದಾರಿಯೊಂದಿದೆ. ಚಿತ್ರದ ಆರಂಭದಲ್ಲಿ ಕಾಣುವ ಸೆನ್ಸಾರ್ ಪ್ರಮಾಣಪತ್ರದಲ್ಲಿ ಚಿತ್ರದ ಉದ್ದ ಮತ್ತು ರೀಲುಗಳ ಸಂಖ್ಯೆ ನಮೂದಾಗಿರುತ್ತದೆ. 35 ಮಿ.ಮೀ. ಫಿಲ್ಮು ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಓಡುತ್ತದೆ. 4000 ಮೀಟರಿನ ಚಿತ್ರಕ್ಕೆ 146 ನಿಮಿಷ ಬೇಕು. ಆದರೆ ಸೆಕೆಂಡಿಗೆ 24 ಚೌಕಟ್ಟುಗಳ ಫಿಲ್ಮನ್ನು ದೂರದರ್ಶನದ ಕ್ರಮಕ್ಕೆ ಹೊಂದಿಸಲು 25 ಚೌಕಟ್ಟುಗಳ ವೇಗದಲ್ಲಿ ಓಡಿಸಿದರೆ ಅದೇ ಚಿತ್ರ 140 ನಿಮಿಷಕ್ಕೆ ಮುಗಿಯುತ್ತದೆ. ಹೀಗೆ ಆರು ನಿಮಿಷ ಕಡಿಮೆಯಾದದ್ದು ಕತ್ತರಿಯಿಂದಲ್ಲ. ಡಿಸ್ಕು 122 ನಿಮಿಷವಿದ್ದರೆ ಮಾತ್ರ ಹದಿನೆಂಟು ನಿಮಿಷಗಳ ಚಿತ್ರ ಎಲ್ಲಿ ಹೋಯಿತೆಂದು ಕೇಳಬೇಕಾಗುತ್ತದೆ. ಪುಟ್ಟಣ್ಣನವರ ಚಿತ್ರಗಳ ಹಾಡಿನ ಚಿತ್ರೀಕರಣವನ್ನು ಕುರಿತು ಬರೆಯುವ ಸಂಶೋಧಕ, ಚರಣವೊಂದು ಕತ್ತರಿಸಿಹೋದ ಡಿಸ್ಕನ್ನು ನೋಡಿ ನಿರ್ದೇಶಕನ ಮಿತವ್ಯಯವನ್ನು ಹೊಗಳಿದರೆ ಅದು ಲೋಪವುಳ್ಳ ಓಲೆಯಿಂದ ಕವಿಯ ಶೈಲಿಯನ್ನು ನಿರ್ಣಯಿಸಿದಂತೆಯೇ ಆಗುತ್ತದೆ.

ಕಳೆದುಹೋದವುಗಳ ಮಾತು ಬೇರೆ. ವೈ.ವಿ. ರಾವ್ ನಿರ್ದೇಶಿಸಿದ, ಬೆಳ್ಳಾವೆ ನರಹರಿ ಶಾಸ್ತ್ರಿಗಳು ಸಾಹಿತ್ಯ ಒದಗಿಸಿದ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಅಭಿನಯಿಸಿದ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಕನ್ನಡದ ಈ ಮೊದಲ ವಾಕ್ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದರ ಬಗ್ಗೆ ತಿಳಿದಿರುವುದೆಲ್ಲ ಸ್ಥಿರಚಿತ್ರ, ಜಾಹೀರಾತು, ನೆನಪುಗಳಿಂದ ಬಂದದ್ದು. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳ ಸ್ಥಿತಿಯೂ ಇದೇ, ಮಲ್ಲಿಕಾರ್ಜುನನ ‘ಸೂಕ್ತಿಸುಧಾರ್ಣವ’ದಂಥ ಸಂಕಲನಗಳು ಇಲ್ಲದಿದ್ದರೆ ಅವುಗಳ ಬಿಡಿ ಪದ್ಯಗಳೂ ಉಳಿಯುತ್ತಿರಲಿಲ್ಲ. ಕನ್ನಡದಲ್ಲಿ ಸಂಗ್ರಾಹಕನ ಕೆಲಸ ಎರಡನೆಯ ದರ್ಜೆಯದೆಂದು ಭಾವಿಸುವವರು ಇದನ್ನು ನೆನೆಯಬೇಕು. ವಚನದ ಓಲೆಗಳನ್ನು ಊರೂರು ಅಲೆದು ಕೂಡಿಹಾಕಿದ ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು, ಅಧ್ಯಾಪಕರಲ್ಲ.

ಆದರೆ ಡಿಸ್ಕಿನ ಕಪಾಟನ್ನು ಪತ್ರಾಗಾರವೆಂದು ತಿಳಿಯುವುದು ತಪ್ಪು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಪುನರುಜ್ಜೀವಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಅದು ಸಾಧ್ಯವಾದದ್ದು ಫಿಲ್ಮಿನ ಮೂಲ ಸಾಮಗ್ರಿ ಉಳಿದಿದ್ದುದರಿಂದ. 352×288 ಬಿಂದುಗಳ ವಿ.ಸಿ.ಡಿ.ಗಳನ್ನು ನೂರು ಕೂಡಿಟ್ಟರೂ ಆ ಕೆಲಸ ಆಗದು. ಮನೆಯಲ್ಲಿ ಬರೆದುಕೊಂಡ ಡಿಸ್ಕುಗಳ ಬಣ್ಣದ ಪದರ ವರ್ಷಗಳು ಕಳೆದಂತೆ ಕೆಡುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ಓದುವ ಕಿಂಡಿಯೇ ಇಲ್ಲ. ಅಗ್ಗದ ಬೆಲೆಗೆ ಡಿಸ್ಕು ಮಾರಿದ ಕಂಪನಿಯೇ 2018ರಲ್ಲಿ ಸಮಾಪನೆಗೆ ಒಳಗಾಯಿತು. ಹೀಗಿದ್ದರೂ ಈ ಖಾಸಗಿ ಸಂಗ್ರಹಗಳಿಗೆ ಬೆಲೆಯಿಲ್ಲವೆಂದಲ್ಲ. ಒಂದು ಚಿತ್ರದ ಮೂರು ಬೇರೆ ಬೇರೆ ಡಿಸ್ಕುಗಳು ಮೂರು ಪಾಠಗಳು. ಒಂದರಲ್ಲಿ ಬಿಟ್ಟುಹೋದ ದೃಶ್ಯ ಇನ್ನೊಂದರಲ್ಲಿ ಇರಬಹುದು.

ಭಾಷೆಯ ತೊಡಕು ಒಂದಿದೆ. ವೈಟ್‌ಫೀಲ್ಡಿನ ಕಚೇರಿಯಲ್ಲಿ ಕನ್ನಡೇತರ ಸಹೋದ್ಯೋಗಿ ‘ಒಂದು ಒಳ್ಳೆಯ ಕನ್ನಡ ಚಿತ್ರ ಹೇಳಿ’ ಎಂದಾಗ ಶಿಫಾರಸು ಮಾಡುವವನು ಮೊದಲು ಯೋಚಿಸುವುದು ಅದರ ಗುಣವನ್ನಲ್ಲ, ಅದಕ್ಕೆ ಇಂಗ್ಲಿಷ್ ಅಡಿಬರಹ ಇದೆಯೇ ಎಂಬುದನ್ನು. ಚಿತ್ರೋತ್ಸವಗಳಿಗೆ ಹೋಗಿಬಂದ ಚಿತ್ರಗಳಿಗೆ ಅದು ಇರುತ್ತದೆ, ಸಿದ್ದಲಿಂಗಯ್ಯನವರ ಚಿತ್ರಗಳಿಗೆ ಇರುವುದು ಕಷ್ಟ. ಹೀಗೆ ಹೊರಗಿನವರ ಮಟ್ಟಿಗೆ ಕನ್ನಡ ಚಿತ್ರರಂಗದ ಅಭಿಜಾತತೆಯನ್ನು ಅಡಿಬರಹವೇ ನಿರ್ಧರಿಸಿಬಿಡುತ್ತದೆ. ಇದರ ಇನ್ನೊಂದು ಮುಖ, ಜಗತ್ತಿನ ಚಿತ್ರಗಳಿಗೆ ಕನ್ನಡ ಅಡಿಬರಹ ಇಲ್ಲದಿರುವುದು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜವನ್ನು ಕಟ್ಟಿ, ಕನ್ನಡದಲ್ಲಿ ವಿವರಿಸುತ್ತ ಹಳ್ಳಿಗರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ಪೀಣ್ಯದ ಕಾರ್ಮಿಕನಿಗೆ ಐವತ್ತು ವರ್ಷಗಳ ನಂತರವೂ ಆ ಸೌಲಭ್ಯ ಒದಗಿಲ್ಲ. ಕನ್ನಡ ವಿದ್ಯಾರ್ಥಿಗಳಿಂದ ಅಡಿಬರಹ ಬರೆಸುವುದು ಭಾಷಾಂತರ ಪತ್ರಿಕೆಯ ಅಭ್ಯಾಸವಾಗಿ ಯಾವ ವಿಭಾಗಕ್ಕೂ ಅಸಾಧ್ಯವಾದ ಕೆಲಸವಲ್ಲ.

ಹಕ್ಕಿನ ಪ್ರಶ್ನೆಯನ್ನು ಮುಂದೊಡ್ಡಿ ವಿಭಾಗಗಳು ಸಂಗ್ರಹದಿಂದ ದೂರ ಉಳಿಯುವುದುಂಟು. ಸಂಗ್ರಾಹಕರ ಕಪಾಟಿನಲ್ಲಿ ಕಳ್ಳಪ್ರತಿಗಳು ಧಾರಾಳವಾಗಿರುವುದರಿಂದ ಈ ಎಚ್ಚರ ಸಕಾರಣವೇ. ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಲನಚಿತ್ರದ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಮಾತ್ರ. ‘ಬೇಡರ ಕಣ್ಣಪ್ಪ’ದ ಅವಧಿ 2014ರ ಕೊನೆಗೆ, ‘ನಾಂದಿ’ಯದು 2024ರ ಕೊನೆಗೆ ಮುಗಿಯಿತು. ಹಾಡು, ಚಿತ್ರಕಥೆಗಳ ಹಕ್ಕು ಪ್ರತ್ಯೇಕವಾಗಿ ಪರಿಶೀಲಿಸಬೇಕಾದ ವಿಷಯ. ಚಿತ್ರದ ಮಟ್ಟಿಗಂತೂ ಕಾನೂನಿನ ಬಾಗಿಲು ವರ್ಷ ವರ್ಷವೂ ಒಂದಿಷ್ಟು ತೆರೆಯುತ್ತಿದೆ. ಬಾಗಿಲು ತೆರೆದ ಮಾತ್ರಕ್ಕೆ ಪ್ರತಿ ಕೈಸೇರುವುದಿಲ್ಲ, ಏಕೆಂದರೆ ನೆಗೆಟಿವ್ ಇಟ್ಟುಕೊಂಡವರು ಅದನ್ನು ಕೊಡಲೇಬೇಕೆಂಬ ನಿಯಮವಿಲ್ಲ. ಆದ್ದರಿಂದ ವಿಭಾಗಗಳು ಮೊದಲು ಕೈಗೆತ್ತಿಕೊಳ್ಳಬೇಕಾದುದು 1964ರವರೆಗಿನ ಚಿತ್ರಗಳನ್ನು. ಹೊರವಲಯದ ಸಂಗ್ರಾಹಕರಲ್ಲಿ, ಪುಣೆಯ ರಾಷ್ಟ್ರೀಯ ಚಲನಚಿತ್ರ ಪತ್ರಾಗಾರದಲ್ಲಿ, ನಿರ್ಮಾಪಕರ ಮನೆಗಳಲ್ಲಿ ಯಾವ ಚಿತ್ರದ ಯಾವ ಪ್ರತಿ ಇದೆ, ಅದರ ಅವಧಿ ಎಷ್ಟು, ಪ್ರಮಾಣಪತ್ರದ ಉದ್ದಕ್ಕೂ ಅದಕ್ಕೂ ಇರುವ ಅಂತರವೆಷ್ಟು ಎಂಬ ವಿವರಣಾತ್ಮಕ ಸೂಚಿಯೊಂದು ಬೇಕು. ಹಸ್ತಪ್ರತಿಗಳಿಗೆ ಅಂಥ ಸೂಚಿಗಳನ್ನು ಸಿದ್ಧಪಡಿಸಿದ ಅನುಭವ ಕನ್ನಡ ವಿಭಾಗಗಳಿಗೆ ಬೇಕಾದಷ್ಟಿದೆ. ಅಲ್ಲಿಯವರೆಗೆ ಸಿನಿಮಾ ಕುರಿತ ಪ್ರಬಂಧಗಳ ಆಕರಸೂಚಿಯಲ್ಲಿ ಚಿತ್ರದ ಹೆಸರು, ನಿರ್ದೇಶಕ, ವರ್ಷಗಳ ಜೊತೆಗೆ ನೋಡಿದ ಪ್ರತಿ ಯಾವುದು, ಅದು ಎಷ್ಟು ನಿಮಿಷದ್ದು ಎಂಬ ಒಂದು ಸಾಲನ್ನು ಮಾರ್ಗದರ್ಶಕರು ಕಡ್ಡಾಯಗೊಳಿಸಬಹುದು.