ಯಾರ ಆಯುಸ್ಸಿನ ಲೆಕ್ಕ ಇದು?

ಮೂಳೆಮಜ್ಜೆಯ ಕ್ಯಾನ್ಸರ್ ಆದ ಮಲ್ಟಿಪಲ್ ಮೈಲೋಮಾ ಎಂಬ ವರದಿ ಕೈಗೆ ಬಂದ ಮೇಲೆ ಮನೆಯವರು ಕೇಳುವ ಮೊದಲ ಪ್ರಶ್ನೆ: "ಇನ್ನೆಷ್ಟು ವರ್ಷ ಸಾರ್?" ಉತ್ತರವೂ ಎಷ್ಟೋ ಸಲ ಅಷ್ಟೇ ಚುಟುಕಾಗಿ ಬರುತ್ತದೆ. "ಸ್ಟೇಜ್ ಮೂರು. ಎರಡೂವರೆ ವರ್ಷ ಅಂದ್ಕೊಳ್ಳಿ." ರೋಗಿಯನ್ನು ಹೊರಗೆ ಕೂರಿಸಿ ಮಗನ ಕಿವಿಗೆ ಹಾಕಿದ ಈ ಮಾತು ಮನೆ ಸೇರುವಷ್ಟರಲ್ಲಿ ತೀರ್ಪಾಗಿರುತ್ತದೆ. ಎರಡೂವರೆ ವರ್ಷಕ್ಕಾಗಿ ಜಮೀನು ಅಡ ಇಡಬೇಕೇ ಎಂಬ ಲೆಕ್ಕ ಅಲ್ಲಿಂದ ಶುರು. ಹೀಗೆ ಅಂಕಿ ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಆ ಅಂಕಿಯಲ್ಲಿ ಈ ರೋಗಿಯ ಮೂಳೆಮಜ್ಜೆಯ ಸುದ್ದಿ ಎಷ್ಟಿದೆಯೋ, ಬೇರೊಂದು ಕಾಲದ ಬೇರೆ ಆಸ್ಪತ್ರೆಗಳ ಸುದ್ದಿಯೂ ಅಷ್ಟೇ ಇದೆ.

ಎರಡೂವರೆ ವರ್ಷ ಎಲ್ಲಿಂದ ಬಂತು? 2005ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಹಂತ ಪದ್ಧತಿಯಿಂದ. 10,750 ರೋಗಿಗಳ ದಾಖಲೆ ಸೇರಿಸಿ, ರಕ್ತದ ಬೀಟಾ-2 ಮೈಕ್ರೊಗ್ಲೋಬ್ಯುಲಿನ್ ಮತ್ತು ಅಲ್ಬುಮಿನ್ ಎಂಬ ಎರಡೇ ಅಳತೆಗಳ ಮೇಲೆ ಮೂರು ಹಂತ ಮಾಡಿದರು. ಮೊದಲ ಹಂತದವರ ಬದುಕಿನ ಮಧ್ಯಾಂಕ 62 ತಿಂಗಳು, ಎರಡನೆಯವರದು 44, ಮೂರನೆಯವರದು 29. ಮಧ್ಯಾಂಕ ಎಂದರೆ ಅರ್ಧ ಮಂದಿ ಅದನ್ನು ದಾಟಿ ಬದುಕಿದ್ದರು ಎಂದರ್ಥ. ಇದನ್ನು ಬಿಡಿಸಿ ಹೇಳುವ ವ್ಯವಧಾನವೂ ನಮ್ಮ ಹೊರರೋಗಿ ವಿಭಾಗಗಳಲ್ಲಿ ಇರುವುದಿಲ್ಲ. ಇನ್ನೊಂದು ಸಂಗತಿ. ಈ ಕಾಯಿಲೆಯ ದಿಕ್ಕನ್ನೇ ಬದಲಿಸಿದ ಔಷಧಿ ಬೊರ್ಟೆಜೊಮಿಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2003ರಲ್ಲಿ, ಮೈಲೋಮಾಕ್ಕೆ ಲೆನಲಿಡೊಮೈಡ್ ಬಂದದ್ದು 2006ರಲ್ಲಿ. ಆ ಹತ್ತು ಸಾವಿರ ಮಂದಿಯಲ್ಲಿ ಹೆಚ್ಚಿನವರ ಮೊದಲ ಚಿಕಿತ್ಸೆಯಲ್ಲಿ ಇವೆರಡೂ ಇರಲಿಲ್ಲ. ಲೆನಲಿಡೊಮೈಡ್ ಇಂದು ನಮ್ಮ ದೇಶದಲ್ಲೇ ತಯಾರಾಗಿ ಜೆನೆರಿಕ್ ಬೆಲೆಗೆ ಸಿಗುತ್ತದೆ. ಹಾಗಿದ್ದೂ ಅದು ಸಿಗದ ಕಾಲದ ಅಂಕಿಯನ್ನೇ ಇಂದಿನ ರೋಗಿಯ ಮುಂದೆ ಇಡುವುದು ಯಾವ ನ್ಯಾಯ?

ಅಮೆರಿಕದ ಕ್ಯಾಥಿ ಜಿಯುಸ್ಟಿ ಅವರಿಗೆ 1996ರಲ್ಲಿ, 37ನೇ ವಯಸ್ಸಿನಲ್ಲಿ, ಮೈಲೋಮಾ ಪತ್ತೆಯಾದಾಗ ಮೂರು ವರ್ಷ ಎಂದಿದ್ದರು. ಅವರು ಈ ಕಾಯಿಲೆಯ ಸಂಶೋಧನೆಗೆಂದೇ ಒಂದು ಪ್ರತಿಷ್ಠಾನ ಕಟ್ಟಿದರು. 2024ರಲ್ಲಿ ತಮ್ಮ ಅನುಭವದ ಪುಸ್ತಕ ಹೊರತಂದರು. ಅವರಿಗೆ ಅವಳಿ ಸೋದರಿಯ ಕಾಂಡಕೋಶ ಸಿಕ್ಕಿತ್ತು, ಆ ಭಾಗ್ಯ ಎಲ್ಲರಿಗಿಲ್ಲ, ನಿಜ. ಆದರೆ ಹೊಸ ಔಷಧಿ ಬರುವ ತನಕ ಜೀವ ಹಿಡಿದುಕೊಂಡವರ ಲೆಕ್ಕವೇ ಬೇರೆ ಎಂಬುದು ಒಬ್ಬರ ಅದೃಷ್ಟದ ಮಾತಲ್ಲ.

ಆಯುಸ್ಸಿನ ಅಂಕಿ ಚಿಕಿತ್ಸೆ ಸಿಗುವುದರ ಮೇಲೂ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಅಲ್ಲೇ ಇದೆ. ಅಮೆರಿಕದ ಕಪ್ಪು ಜನರಲ್ಲಿ ಮೈಲೋಮಾ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಅವರ ಸಾವಿನ ಪ್ರಮಾಣವೂ ಹೆಚ್ಚು. ಅದು ಜನಾಂಗದ ಗುಣವೇ ಇರಬೇಕು ಎಂಬ ಗುಮಾನಿ ಬಹುಕಾಲ ಇತ್ತು. ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದ 15,717 ಮಂದಿಯ ದಾಖಲೆ ನೋಡಿದ 2019ರ ಅಧ್ಯಯನ ಬೇರೆಯೇ ಕಥೆ ಹೇಳಿತು. ಆ ವ್ಯವಸ್ಥೆಯಲ್ಲಿ ಚಿಕಿತ್ಸೆಯ ಬಾಗಿಲು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಅಲ್ಲಿ 65 ದಾಟದ ಕಪ್ಪು ರೋಗಿಗಳ ಬದುಕಿನ ಮಧ್ಯಾಂಕ 7.07 ವರ್ಷ, ಬಿಳಿಯರದು 5.83. ಔಷಧಿಯ ಹಂಚಿಕೆಯಲ್ಲಿದ್ದ ಅನ್ಯಾಯವನ್ನು ಅಷ್ಟು ದಿನ ರಕ್ತದ ಮೇಲೆ ಹೊರಿಸಿದ್ದರು.

ನಾವೂ ಅದನ್ನೇ ಮಾಡುತ್ತಿದ್ದೇವೆ, ಬೇರೆ ದಾರಿಯಲ್ಲಿ. ಬೀಟಾ-2 ಮೈಕ್ರೊಗ್ಲೋಬ್ಯುಲಿನ್ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಕಿಡ್ನಿ ಸೋತರೆ ಅದು ಏರುತ್ತದೆ, ರೋಗಿ ಮೂರನೇ ಹಂತಕ್ಕೆ ಬೀಳುತ್ತಾನೆ. ಕಿಡ್ನಿ ಯಾಕೆ ಸೋತಿತು? ಕಾಯಿಲೆಯ ಪ್ರೋಟೀನು ಅದನ್ನು ಹಾಳುಮಾಡುತ್ತದೆ, ಸರಿ. ಆದರೆ ಬೆನ್ನುನೋವು ಎಂದು ಬಂದ ಅರವತ್ತರ ರೈತನಿಗೆ ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿಸಿದವರು ಯಾರು? ಆ ಮಾತ್ರೆಗಳೇ ಮೈಲೋಮಾ ಇರುವವರ ಕಿಡ್ನಿಗೆ ವಿಷ. ಇನ್ನು ಅಲ್ಬುಮಿನ್. ಕಾಯಿಲೆಯಿಂದ ಅದು ಇಳಿಯುವುದು ನಿಜ; ಊಟ ಸೇರದೆ, ಬೇರೆ ಸೋಂಕುಗಳಿಗೆ ಸಿಕ್ಕಿ ನಲುಗಿದ ದೇಹದಲ್ಲೂ ಇಳಿಯುತ್ತದೆ. ತಡವಾಗಿ ಪತ್ತೆ ಮಾಡಿದ ನಮ್ಮ ತಪ್ಪು ಹೀಗೆ ವರದಿಯ ಮೇಲೆ ರೋಗಿಯ ಹಣೆಬರಹವಾಗಿ ಅಚ್ಚಾಗುತ್ತದೆ.

ಹಾಗಾದರೆ ಅಂಕಿಯೇ ಬೇಡವೇ ಎಂದು ವೈದ್ಯ ಮಿತ್ರರು ಕೇಳುತ್ತಾರೆ. ಖಂಡಿತ ಬೇಕು. 17ನೇ ವರ್ಣತಂತುವಿನ ತುಣುಕು ಕಳೆದುಹೋದವರಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ. ಅದು ಮೊದಲೇ ಗೊತ್ತಿದ್ದರೆ ಚಿಕಿತ್ಸೆಯನ್ನು ಬಿಗಿ ಮಾಡಬಹುದು. ಇಂಥ ದೋಷಗಳನ್ನೂ ಸೇರಿಸಿ 2015ರಲ್ಲಿ ಹಂತ ಪದ್ಧತಿಯನ್ನು ಪರಿಷ್ಕರಿಸಿದರು: ಐದು ವರ್ಷ ಬದುಕಿದವರು ಮೊದಲ ಹಂತದಲ್ಲಿ ಶೇ. 82, ಕೊನೆಯದರಲ್ಲಿ ಶೇ. 40. ಆದರೆ ಈ ಲೆಕ್ಕಕ್ಕೆ ಸೇರಿದ 3,060 ಮಂದಿ 11 ಔಷಧಿ ಪ್ರಯೋಗಗಳಿಗೆ ಆಯ್ಕೆಯಾದವರು. ಕಿಡ್ನಿ ತೀರಾ ಸೋತವರನ್ನು, ಎದ್ದು ಓಡಾಡಲಾಗದವರನ್ನು ಇಂಥ ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಅವರ ಅಂಕಿ ನಮ್ಮ ಜಿಲ್ಲಾಸ್ಪತ್ರೆಯ ರೋಗಿಗೆ ಹೇಗೆ ಒಪ್ಪೀತು? ಅದೂ ಅಲ್ಲದೆ ಈ ಪರಿಷ್ಕೃತ ಹಂತ ತಿಳಿಯಲು ವರ್ಣತಂತುವಿನ ದೋಷ ಹುಡುಕುವ ಫಿಶ್ ಪರೀಕ್ಷೆ ಬೇಕು. ಅದಕ್ಕೆ ದುಡ್ಡಿಲ್ಲದೆ ಬಿಟ್ಟವರಿಗೆ ಹಳೆಯ ಎರಡು ಅಳತೆಗಳೇ ಗತಿ.

ಮೊದಲ ದಿನದ ಅಂಕಿಯನ್ನು ರೋಗಿಯ ಎದುರಿಗೇ, ಅದು ಯಾರ ಅಂಕಿ, ಯಾವ ಔಷಧಿಯ ಕಾಲದ್ದು ಎಂಬುದರ ಜೊತೆ ಹೇಳಬೇಕು. ಮೊದಲ ಕೆಲವು ತಿಂಗಳ ಚಿಕಿತ್ಸೆಗೆ ಕಾಯಿಲೆ ಎಷ್ಟು ಬಗ್ಗಿತು ಎಂದು ನೋಡಿ ಮತ್ತೆ ಹೇಳಬೇಕು. ವಾಸಿಯಾಗದ ಬೆನ್ನುನೋವಿನ ಜೊತೆ ರಕ್ತಹೀನತೆ ಇರುವ ಐವತ್ತು ದಾಟಿದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಕ್ರಿಯಾಟಿನಿನ್, ಕ್ಯಾಲ್ಸಿಯಂ ನೋಡಿ, ಅನುಮಾನವಿದ್ದರೆ ಪ್ರೋಟೀನ್ ಎಲೆಕ್ಟ್ರೊಫೊರೆಸಿಸ್‌ಗೆ ಕಳಿಸಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಅಂಥ ನೋಂದಣಿಯನ್ನೇ ವಿಸ್ತರಿಸಿ, ಮೊದಲು ನೋವು ಕಾಣಿಸಿದ್ದು ಯಾವಾಗ, ಕಾಯಿಲೆ ಪತ್ತೆಯಾದದ್ದು ಯಾವಾಗ, ಫಿಶ್ ಆಯಿತೇ, ಮೊದಲು ಕೊಟ್ಟ ಔಷಧಿ ಯಾವುದು, ನಿಲ್ಲಿಸಿದ್ದು ಯಾಕೆ ಎಂಬುದನ್ನು ಪ್ರತಿಯೊಬ್ಬ ಮೈಲೋಮಾ ರೋಗಿಯ ಹೆಸರಿನ ಮುಂದೆ ಬರೆದಿಟ್ಟು, ಬದುಕುಳಿದವರ ಅಂಕಿಯನ್ನು ಅವುಗಳ ಜೊತೆಗೇ ವರ್ಷವರ್ಷವೂ ಸಾರ್ವಜನಿಕರ ಮುಂದಿಡುವಂತೆ ರಾಜ್ಯದ ಎಲ್ಲ ಕ್ಯಾನ್ಸರ್ ಆಸ್ಪತ್ರೆಗಳಿಗೂ ಸರ್ಕಾರ ಆದೇಶ ಹೊರಡಿಸಬೇಕು.