ಮೋಟಾರಿನ ಆರೈಕೆ: ಒಂದೇ ಅಂಚು ಸವೆದ ಟಾಯರು

ನಂದಗಡದ ವಾಚಕರೊಬ್ಬರು ಕೇಳಿರುವರು: ಮಳೆಗಾಲ ಮುಗಿಯುವಷ್ಟರಲ್ಲಿ ತಮ್ಮ ಕಾರಿನ ಮುಂದಿನ ಎಡ ಟಾಯರು ಒಳ ಅಂಚಿನಲ್ಲಿ ಮಾತ್ರ ನುಣ್ಣಗಾಗಿದೆ, ಹೊಸದನ್ನು ಕೊಳ್ಳಬೇಕೆ?

ಕೊಳ್ಳುವುದೇನೋ ಅವಶ್ಯವೇ, ಆದರೆ ಕಾರಣವನ್ನರಿಯದೆ ಕೊಂಡರೆ ಹೊಸದಕ್ಕೂ ಅದೇ ಗತಿಯಾದೀತು. ಎರಡೂ ಅಂಚುಗಳು ಸವೆದರೆ ಗಾಳಿ ಕಡಿಮೆಯೆಂದೂ, ನಡುವೆ ಸವೆದರೆ ಹೆಚ್ಚೆಂದೂ ತಿಳಿಯಬೇಕು. ಒಂದೇ ಅಂಚು ಸವೆದಲ್ಲಿ ಪ್ರಾಯಶಃ ಗಾಲಿಯ ನಿಲುವೇ ಕೆಟ್ಟಿರುವುದು. ಟಾಯರಿನ ಮೇಲೆ ಅಡ್ಡಲಾಗಿ ಅಂಗೈಯಾಡಿಸಿರಿ. ಒಂದು ದಿಕ್ಕಿಗೆ ನುಣುಪಾಗಿದ್ದು, ಮರುದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ, ಗಾಲಿಗಳು ನೇರವಾಗಿರದೆ ಒಳಕ್ಕೋ ಹೊರಕ್ಕೋ ತಿರುಗಿ, ಉರುಳುತ್ತಲೇ ಉಜ್ಜಿಕೊಂಡು ಸಾಗುತ್ತಿವೆ. ಮೆಕ್ಯಾನಿಕರು ಇದನ್ನೇ ‘ಟೋ’ ದೋಷವೆನ್ನುವರು. ಹಲ್ಲು ತಾಗದಿದ್ದರೆ ಗಾಲಿಯ ತಲೆ ಒಳಕ್ಕೆ ವಾಲಿರಬಹುದು, ಅದು ‘ಕ್ಯಾಂಬರ್’. ಮಳೆನೀರು ತುಂಬಿ ಕಾಣದ ಒಂದು ತಗ್ಗಿನ ಪೆಟ್ಟೇ ಇದಕ್ಕೆ ಸಾಕು.

ಅಲೈನ್‌ಮೆಂಟಿಗೆ ಮುನ್ನ ಬಾಲ್ ಜಾಯಿಂಟು, ಬುಷ್ಷುಗಳು ಸಡಿಲಾಗಿವೆಯೇ ಎಂದು ನೋಡಿಸಿರಿ. ಸಡಿಲಿದ್ದರೆ ಕೊಟ್ಟ ಹಣ ವ್ಯರ್ಥ. ಅಳತೆಯ ಚೀಟಿಯನ್ನೂ ಕೇಳಿ ಪಡೆಯಿರಿ, ಸಂಕೋಚವೇಕೆ?

ಒಳ ಅಂಚು ನಿಂತು ನೋಡಿದರೆ ಕಾಣದು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ, ಬಗ್ಗಿ ನೋಡಬೇಕು. ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರುವುದು ಕಾಯಿದೆಗೂ ವಿರುದ್ಧ. ಅಂಥ ಟಾಯರನ್ನು ಹಿಂದಕ್ಕೆ ಹಾಕಿಸಿ ದಿನದೂಡುವ ಮಿತವ್ಯಯ ಬೇಡ. ತೋಯ್ದ ರಸ್ತೆಯಲ್ಲಿ ಹಿಂಗಾಲಿ ಜಾರಿದರೆ ಮನೆಮಂದಿಯೆಲ್ಲ ಕುಳಿತ ಗಾಡಿಯೇ ಗಿರಕಿ ಹೊಡೆಯುವುದು.